ಅಮಿದಾ ಗುಡಿಯ ಓಲೆ: ಹೇಳಿದವಳು ಮತ್ತು ಬರೆದುಕೊಂಡವಳು

ಜಪಾನೀ ಸಿನಿಮಾ ಎಂದೊಡನೆ ಕನ್ನಡದ ಸಾಹಿತ್ಯ ವಿದ್ಯಾರ್ಥಿಗೆ ನೆನಪಾಗುವುದು ಅಕಿರಾ ಕುರೊಸಾವಾ, ಅದರಲ್ಲೂ 'ರಾಶೋಮೋನ್'. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಆ ಚಿತ್ರವನ್ನು ಸತ್ಯದ ಸಾಪೇಕ್ಷತೆಯ ಪಾಠವಾಗಿ ನಾವು ತರಗತಿಗಳಲ್ಲಿ ಚರ್ಚಿಸುತ್ತ ಬಂದಿದ್ದೇವೆ. ಆದರೆ ಅದೇ ಕುರೊಸಾವಾನ ಬಳಿ ದೀರ್ಘಕಾಲ ಸಹಾಯಕನಾಗಿ ದುಡಿದ ತಕಾಶಿ ಕೊಯಿಜುಮಿ 2002ರಲ್ಲಿ ನಿರ್ದೇಶಿಸಿದ 'ಅಮಿದಾದೋ ದಯೊರಿ' ಎಂಬ ಚಿತ್ರ ನಮ್ಮ ಚರ್ಚೆಯ ವಲಯದೊಳಗೆ ಬಂದದ್ದು ತೀರ ಕಡಿಮೆ. ಕೊಲೆಯಿಲ್ಲದ, ವಾದವಿವಾದವಿಲ್ಲದ, ಹೆಚ್ಚೆಂದರೆ ಒಂದು ವರ್ಷದ ಋತುಚಕ್ರವನ್ನು ಹಿಂಬಾಲಿಸುವ ಈ ಚಿತ್ರದ ಮೇಲೆ ವಿಮರ್ಶೆಗೆ ಹಿಡಿತ ಸಿಗುವುದು ಕಷ್ಟ ಎಂಬುದು ಅದಕ್ಕೆ ಒಂದು ಕಾರಣವಿರಬಹುದು. ಪ್ರಸ್ತುತ ಲೇಖನದ ಅಭಿಪ್ರಾಯ ಬೇರೆ. ಮಾತು ಬರಹವಾಗುವ ಕ್ರಿಯೆಯನ್ನು ಇಷ್ಟು ನೇರವಾಗಿ ಕಥಾವಸ್ತುವಾಗಿಸಿಕೊಂಡ ಚಿತ್ರಗಳು ವಿರಳ. ಜಾನಪದ ಸಂಗ್ರಹವನ್ನೂ ಮೌಖಿಕ ಪಠ್ಯಗಳ ಸಂಪಾದನೆಯನ್ನೂ ಅಧ್ಯಯನದ ಬೆನ್ನೆಲುಬಾಗಿಸಿಕೊಂಡಿರುವ ಕನ್ನಡ ವಿಭಾಗಗಳು ಈ ಚಿತ್ರವನ್ನು ಗಂಭೀರವಾಗಿ ನೋಡಬೇಕು.

'ದಯೊರಿ' ಎಂದರೆ ಓಲೆ, ಕ್ಷೇಮಸಮಾಚಾರ. 'ಅಮಿದಾದೋ' ಎಂದರೆ ಅಮಿದಾ ಬುದ್ಧನ ಗುಡಿ. ಅಮಿದಾ ನಮ್ಮ ಸಂಸ್ಕೃತದ ಅಮಿತಾಭನೇ. ಮಹಾಯಾನದ ದಾರಿ ಹಿಡಿದು ಚೀನಾ, ಕೊರಿಯಾಗಳನ್ನು ಹಾದು ಜಪಾನಿನ ಹಳ್ಳಿಗಳವರೆಗೆ ನಡೆದುಹೋದವನು. ಚಿತ್ರಕ್ಕೆ ಆಧಾರವಾದ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಅದರ ಕರ್ತೃ ಕೇಶಿ ನಾಗಿ ವೃತ್ತಿಯಿಂದ ವೈದ್ಯ. 'ಡೈಮಂಡ್ ಡಸ್ಟ್' ಎಂಬ ಕಥೆಗಾಗಿ ಅಕುತಗಾವಾ ಪ್ರಶಸ್ತಿ ಪಡೆದವನು. ನಾಗಾನೊ ಪ್ರಾಂತದ ಸಾಕು ಕೇಂದ್ರ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿರುವ ರೋಗಿಗಳ ನಡುವೆ ದುಡಿದು, ತಾನೇ ಹಠಾತ್ ಭೀತಿಯ ಮನೋವ್ಯಾಧಿಗೆ ತುತ್ತಾದವನು. ಈ ವಿವರ ಕೇವಲ ಕವಿಚರಿತೆಯ ಅಲಂಕಾರವಲ್ಲ. ಮುಂದೆ ಮತ್ತೆ ಅಗತ್ಯವಾಗುತ್ತದೆ.

ಕಥೆ ಸರಳ. ತಕಾವೊ ಎಂಬಾತ ಹಿಂದೊಮ್ಮೆ ಉದಯೋನ್ಮುಖ ಲೇಖಕನೆಂದು ಪುರಸ್ಕೃತನಾಗಿ, ಆಮೇಲೆ ಹೇಳಿಕೊಳ್ಳುವಂಥದೇನನ್ನೂ ಬರೆಯಲಾಗದವನು. ಅವನ ಹೆಂಡತಿ ಮಿಚಿಕೊ ತೋಕಿಯೊದ ದೊಡ್ಡ ಆಸ್ಪತ್ರೆಯೊಂದರ ಹೆಸರಾಂತ ತಜ್ಞೆ. ಗರ್ಭ ನಷ್ಟವಾದ ಬಳಿಕ ಅವಳ ಮನಸ್ಸು ಕುಸಿಯುತ್ತದೆ. ಇಬ್ಬರೂ ತಕಾವೊನ ಹುಟ್ಟೂರಾದ ಪರ್ವತಗ್ರಾಮಕ್ಕೆ ಮರಳುತ್ತಾರೆ. ಅವಳು ಹಳ್ಳಿಯ ಚಿಕ್ಕ ಚಿಕಿತ್ಸಾಲಯದಲ್ಲಿ ವಾರಕ್ಕೆ ಕೆಲವೇ ಹೊತ್ತು ರೋಗಿಗಳನ್ನು ನೋಡುತ್ತಾಳೆ. ಅವನು ಊರಿನ ಸಣ್ಣಪುಟ್ಟ ಕೆಲಸಗಳಲ್ಲಿ ತೊಡಗುತ್ತಾನೆ. ಊರಿನ ಮೇಲ್ಭಾಗದ ಗುಡ್ಡದಲ್ಲಿ ಊರವರ ಸತ್ತ ಹಿರಿಯರನ್ನು ನೆನೆಯುವ ಅಮಿದಾ ಗುಡಿಯಿದೆ. ಅದನ್ನು ಕಾಯುತ್ತ ಅಲ್ಲಿಯೇ ಬದುಕುವವಳು ತೊಂಬತ್ತಾರು ವರ್ಷದ ಓಉಮೆ; ನಮ್ಮ ನಾಲಿಗೆಗೆ ಸುಲಭವಾಗಲೆಂದು ಉಮೆ ಅಜ್ಜಿ ಎನ್ನೋಣ. ಅವಳಲ್ಲಿಗೆ ಆಗಾಗ ಬರುವವಳು ಸಯೂರಿ, ಗಂಟಲಿನ ವ್ಯಾಧಿಯಿಂದ ದನಿ ಕಳೆದುಕೊಂಡ ತರುಣಿ. ಅಜ್ಜಿ ಆಡಿದ ಮಾತುಗಳನ್ನು ಅವಳು ಬರೆದುಕೊಂಡು, ಗ್ರಾಮಾಡಳಿತ ಹೊರಡಿಸುವ ವಾರ್ತಾಪತ್ರಿಕೆಯ ಒಂದು ಮೂಲೆಯಲ್ಲಿ ಅಂಕಣವಾಗಿ ಪ್ರಕಟಿಸುತ್ತಾಳೆ. ಆ ಅಂಕಣದ ಹೆಸರೇ ಚಿತ್ರದ ಹೆಸರು.

ದನಿಯಿಲ್ಲದವಳು ಅಕ್ಷರ ಬಲ್ಲವಳು. ಅಕ್ಷರದ ಗೊಡವೆಗೆ ಹೋಗದವಳು ಮಾತಿನ ಒಡತಿ. ಈ ವಿನ್ಯಾಸವನ್ನು ಯಾರಾದರೂ ಸಾರಾಂಶವಾಗಿ ಹೇಳಿದರೆ ತೀರ ಯೋಜಿತವೆಂದು, ರೂಪಕದ ಆಸೆಗೆ ಹೆಣೆದದ್ದೆಂದು ತೋರುತ್ತದೆ. ತೆರೆಯ ಮೇಲೆ ಹಾಗೆನಿಸುವುದಿಲ್ಲ. ಕೊಯಿಜುಮಿ ಈ ಇಬ್ಬರ ಸಂಬಂಧವನ್ನು ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ಹೊರಗಿನ ಬಿಸಿಲು, ಗುಡಿಯ ಜಗಲಿ, ನೀರು ಕಾಯುವ ಒಲೆ, ನಡುವೆ ಸಯೂರಿಯ ಪುಸ್ತಕ: ಅಷ್ಟೇ. ಅವಳು ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕಿಯಲ್ಲ. ಅವಳಿಗೆ ಅಜ್ಜಿಯಿಂದ ಬೇಕಾಗಿರುವುದು ಮಾಹಿತಿಯಲ್ಲ, ಒಡನಾಟ. ಬರಹ ಆ ಒಡನಾಟದ ಉಪಫಲ. ಅಜ್ಜಿಗೂ ತಾನು ಮುದ್ರಣಕ್ಕೆ ಏರುತ್ತಿದ್ದೇನೆಂಬ ಗತ್ತಿಲ್ಲ.

ಅಂಕಣದಲ್ಲಿ ಬರುವುದಾದರೂ ಏನು? ಕಣ್ಣೆದುರಿನದಕ್ಕೇ ಅಂಟಿಕೊಳ್ಳಬೇಡಿ, ದೂರದೃಷ್ಟಿಯಿರಲಿ ಎಂದು ಲೋಕ ಬುದ್ಧಿ ಹೇಳುತ್ತದೆ. ಉಮೆ ಅಜ್ಜಿಯಾದರೋ ಬದನೆ, ಹುರುಳಿಕಾಯಿ, ಸೌತೆಗಳ ಸಸಿ ನೆಡುವುದು, ನೀರೆರೆಯುವುದು ಎಂದು ಕಣ್ಣೆದುರಿನದನ್ನಷ್ಟೇ ಎಣಿಸುತ್ತ ಗೊತ್ತಿಲ್ಲದೆ ತೊಂಬತ್ತಾರಕ್ಕೆ ಬಂದುಬಿಟ್ಟವಳು. ಒಂದು ಅಂಕಣದ ಸಾರ ಇಷ್ಟು. ಇದು ಸುಭಾಷಿತವಲ್ಲ, ಸುಭಾಷಿತವನ್ನು ಮೆಲ್ಲಗೆ ಬದಿಗೆ ಸರಿಸುವ ಮಾತು. ಅನುಭಾವದ ಉನ್ನತಿಯನ್ನು ಹುಡುಕಿ ಗುಡ್ಡ ಹತ್ತಿದ ಓದುಗನಿಗೆ ಅಜ್ಜಿ ಕೊಡುವುದು ತರಕಾರಿಯ ಪಟ್ಟಿ. ಚಿತ್ರದ ಹಾಸ್ಯವೂ ಅದರ ಘನತೆಯೂ ಇಲ್ಲಿಯೇ ಇವೆ.

ಇಲ್ಲೊಂದು ಭಾಷಿಕ ಸೂಕ್ಷ್ಮವನ್ನು ಗಮನಿಸಬೇಕು. ಉಮೆ ಅಜ್ಜಿ ಮಾತನಾಡುವುದು ಬೆಟ್ಟಸೀಮೆಯ ಆಡುನುಡಿಯಲ್ಲಿ. ಸಯೂರಿ ಬರೆಯುವ ಅಂಕಣವಾದರೋ ವಿನಯಪೂರ್ವಕವಾದ ಶಿಷ್ಟ ಜಪಾನೀ ಭಾಷೆಯಲ್ಲಿದೆ. ಕ್ಷೇತ್ರಕಾರ್ಯದ ನಮ್ಮ ಪಠ್ಯಪುಸ್ತಕಗಳ ಅಳತೆಯಲ್ಲಿ ಇದು ಅಪಚಾರ: ವಕ್ತೃವಿನ ಉಚ್ಚಾರಣೆ, ಪ್ರಾದೇಶಿಕ ರೂಪ, ತಡವರಿಕೆಗಳು ಸಹಿತ ಯಥಾವತ್ತಾಗಿ ದಾಖಲಿಸಬೇಕೆಂಬುದು ನಮಗೆ ಕಲಿಸಲಾದ ಮೊದಲ ನಿಯಮ. ಸಯೂರಿ ಆ ನಿಯಮವನ್ನು ಮುರಿದಿದ್ದಾಳೆ. ಆದರೂ ಅಂಕಣವನ್ನು ಓದುವಾಗ ಅಜ್ಜಿಯ ಮಾತಿಗೆ ಮೋಸವಾಯಿತೆಂದು ಅನ್ನಿಸುವುದಿಲ್ಲ. ಏಕೆ? ಆಡುನುಡಿಯನ್ನು ಯಥಾವತ್ತಾಗಿ ಅಚ್ಚಿಸಿದಾಗ ಓದುಗನ ಗಮನ ಅನೇಕ ವೇಳೆ ಹೇಳಿದವಳ ಕಡೆಗಲ್ಲ, ಅವಳ ಉಚ್ಚಾರಣೆಯ ಕಡೆಗೆ ಹೋಗುತ್ತದೆ, ಅವಳು 'ಮಾದರಿ'ಯಾಗುತ್ತಾಳೆ. ಸಯೂರಿ ತನ್ನ ಊರಿನ ಓದುಗರೆದುರು ಅಜ್ಜಿಯನ್ನು ಮಡಿ ಬಟ್ಟೆ ಉಡಿಸಿ ಕೂರಿಸುವಂತೆ ಬರೆಯುತ್ತಾಳೆ. ಯಥಾವತ್ತಾದ ದಾಖಲೆ ಅನಗತ್ಯವೆಂದು ಇದರರ್ಥವಲ್ಲ. ಭಾಷಾಶಾಸ್ತ್ರಕ್ಕೆ ಅದು ಬೇಕೇಬೇಕು. ಆದರೆ ನಿಷ್ಠೆ ಎಂಬುದಕ್ಕೆ ಒಂದೇ ಬಗೆಯ ಅಳತೆಗೋಲಿಲ್ಲ ಎಂಬುದನ್ನು ಈ ಪುಟ್ಟ ವ್ಯತ್ಯಾಸ ತೋರಿಸಿಕೊಡುತ್ತದೆ.

ಉಮೆ ಅಜ್ಜಿಯ ಮುಂದೆ ಕುಳಿತು ಕೇಳುವವರು ವಾಸ್ತವವಾಗಿ ಮೂವರು, ಮೂವರಿಗೂ ಬರಹದೊಂದಿಗೆ ನಂಟು. ಮಿಚಿಕೊ ವೈದ್ಯೆ, ರಕ್ತದೊತ್ತಡ ಅಳೆದು, ದೇಹ ಹೇಳುವುದನ್ನು ರೋಗಚರಿತೆಯಾಗಿ ಬರೆದಿಡುವವಳು. ತಕಾವೊ ಕಾದಂಬರಿಕಾರ, ಕೇಳಿದ್ದು ಯಾವತ್ತಾದರೂ ಕಥೆಯಾಗಬಹುದೆಂಬ ಆಸೆ, ಆಗಲಾರದೆಂಬ ಭಯ ಎರಡನ್ನೂ ಹೊತ್ತವನು. ಸಯೂರಿ ಅಂಕಣಕಾರ್ತಿ. ರೋಗಚರಿತೆ ಆಸ್ಪತ್ರೆಯ ಕಡತ ಸೇರುತ್ತದೆ. ಅದನ್ನು ಓದುವವರು ಇತರ ವೈದ್ಯರು. ಕಾದಂಬರಿ ತೋಕಿಯೊದ ಪ್ರಕಾಶಕನ ಬಳಿಗೆ ಹೋಗಬೇಕು. ಅದನ್ನು ಓದುವವರು ಅಪರಿಚಿತರು. ಅಂಕಣವೊಂದೇ ಹುಟ್ಟಿದ ಊರಿಗೇ ಮರಳುವ ಬರಹ. ಗುಡ್ಡದ ಮೇಲೆ ಆಡಿದ ಮಾತು ಗುಡ್ಡದ ಕೆಳಗಿನ ಮನೆಗಳನ್ನು ತಲುಪುತ್ತದೆ. ಅಲ್ಲಿಯ ಓದುಗರಿಗೆ ಅಜ್ಜಿ ಯಾರೆಂದು ಗೊತ್ತು, ಅವಳ ಬದನೆ ಪಾತಿ ಎಲ್ಲಿದೆಯೆಂದೂ ಗೊತ್ತು. ಸುಳ್ಳು ಬರೆದರೆ ಮರುದಿನವೇ ಯಾರಾದರೂ ಕೇಳುತ್ತಾರೆ. ಬರಹಗಾರ್ತಿಯ ಮೇಲೆ ಇದಕ್ಕಿಂತ ದೊಡ್ಡ ನೈತಿಕ ಹೊಣೆ ಯಾವುದಿದೆ? ತಾನೇ ವೈದ್ಯನೂ ಕಾದಂಬರಿಕಾರನೂ ರೋಗಿಯೂ ಆಗಿದ್ದ ನಾಗಿ ತನ್ನನ್ನು ತಕಾವೊ ಮತ್ತು ಮಿಚಿಕೊ ಎಂಬ ಎರಡು ಪಾತ್ರಗಳಾಗಿ ಸೀಳಿಕೊಂಡಿದ್ದಾನೆ ಎಂದು ಹೇಳುವುದು ಸುಲಭ. ಅವನಿಗೆ ಅಷ್ಟು ಸಾಲದಾಗಿ ಈ ಮೂರನೆಯವಳು ಬೇಕಾದಳೆಂಬುದೇ ಹೆಚ್ಚು ಕುತೂಹಲದ ಸಂಗತಿ.

ಸಾಕು ಆಸ್ಪತ್ರೆಯ ಹಿನ್ನೆಲೆಯನ್ನು ಇಲ್ಲಿ ಒಂದು ಮಾತಿನಲ್ಲಾದರೂ ಹೇಳಬೇಕು. ಆ ಆಸ್ಪತ್ರೆಯನ್ನು ಗ್ರಾಮೀಣ ವೈದ್ಯಕೀಯದ ಕೇಂದ್ರವಾಗಿ ಕಟ್ಟಿದ ತೊಶಿಕಾಜು ವಾಕಾತ್ಸುಕಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತ್ತು; ರೋಗಿ ಬರುವುದನ್ನು ಕಾಯದೆ ವೈದ್ಯರೇ ಹಳ್ಳಿಗಳಿಗೆ ಹೋಗಬೇಕೆಂಬುದು ಅಲ್ಲಿಯ ಪರಂಪರೆ. ಮಿಚಿಕೊ ಗುಡ್ಡ ಹತ್ತುವುದರ ಹಿಂದೆ ಈ ಪರಂಪರೆಯ ನೆರಳನ್ನು ಕಾಣಬಹುದು.

ಚಿತ್ರದ ಒಂದು ಸಂದರ್ಭದಲ್ಲಿ ಉಮೆ ಅಜ್ಜಿ ಕಾದಂಬರಿ ಎಂದರೇನೆಂದು ಕೇಳುತ್ತಾಳೆ. ವೃತ್ತಿಯಿಂದ ಕಾದಂಬರಿಕಾರನಾದ ತಕಾವೊ ತಡವರಿಸುವಲ್ಲಿ ಸಯೂರಿ ತನ್ನ ಪುಸ್ತಕದಲ್ಲಿ ಬರೆದು ತೋರಿಸುವ ಉತ್ತರ, ಅದು ಮಾತುಗಳಿಂದ ಅಮಿದಾ ಮೂರ್ತಿಯನ್ನು ಮಾಡುವಂಥ ಕೆಲಸವೆಂಬ ಅರ್ಥದ್ದು. ಅಜ್ಜಿಗೆ ಇದು ತಟ್ಟನೆ ಹೊಳೆಯುತ್ತದೆ, ಏಕೆಂದರೆ ಅವಳು ದಿನವೂ ಕೈಮುಗಿಯುವ ಮೂರ್ತಿ ಮರದಿಂದಲೋ ಲೋಹದಿಂದಲೋ ಯಾರೋ ಮಾಡಿದ್ದೇ ಅಲ್ಲವೆ? ಮಾಡಿದ್ದು ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಕಾವ್ಯಸತ್ಯ, ಲೋಕಸತ್ಯಗಳ ಕುರಿತ ನಮ್ಮ ಮೀಮಾಂಸೆಯ ದೀರ್ಘ ಚರ್ಚೆ ಇಲ್ಲಿ ಒಂದು ಒಲೆಯ ಮುಂದೆ ಮುಗಿದುಹೋಗುತ್ತದೆ. ಈ ಉತ್ತರಕ್ಕೆ ನಾಗಾನೊ ಪ್ರಾಂತದಲ್ಲಿ ಇನ್ನೂ ಒಂದು ಪದರವಿದೆ. ಆ ಪ್ರಾಂತದ ಮಹಾಕ್ಷೇತ್ರವಾದ ಜೆಂಕೋಜಿ ದೇವಾಲಯದ ಮೂಲಮೂರ್ತಿ ಅಮಿದಾನೇ. ಆದರೆ ಅದು ಯಾರ ಕಣ್ಣಿಗೂ ಬೀಳದ ಗುಪ್ತಮೂರ್ತಿ. ಭಾರತದಿಂದ ಕೊರಿಯಾದ ಮೂಲಕ ಬಂದಿತೆಂದು ಐತಿಹ್ಯವಿರುವ ಆ ಮೂರ್ತಿಯ ಪ್ರತಿಕೃತಿಯನ್ನು ಮಾತ್ರ ಕೆಲವು ವರ್ಷಗಳಿಗೊಮ್ಮೆ, ತೀರ ಈಚೆಗೆಂದರೆ 2022ರಲ್ಲಿ, ಭಕ್ತರ ದರ್ಶನಕ್ಕೆ ತೆರೆದಿಡಲಾಗಿತ್ತು. ಕಾಣದ ಮೂಲ, ಕಾಣುವ ಪ್ರತಿ. ಸಯೂರಿಯ ಅಂಕಣವೂ ಅಂಥ ಪ್ರತಿಯೇ.

ಕೊಯಿಜುಮಿಯ ಗುರುಋಣವನ್ನೂ ಅವನು ಗುರುವಿನಿಂದ ದೂರ ಸರಿದ ಬಗೆಯನ್ನೂ ಅಳೆಯಲು ಕುರೊಸಾವಾನ 'ಕನಸುಗಳು' (1990) ಚಿತ್ರದ ಕೊನೆಯ ಭಾಗವಾದ ನೀರುಚಕ್ರಗಳ ಹಳ್ಳಿಯ ಪ್ರಸಂಗವನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಅದೂ ನಾಗಾನೊ ಪ್ರಾಂತದ ಅಜುಮಿನೊದಲ್ಲಿ ಚಿತ್ರಿತವಾದದ್ದು. ಅಲ್ಲಿಯೂ ನಗರದಿಂದ ಬಂದ ಒಬ್ಬ ಆಗಂತುಕ, ನೂರು ದಾಟಿದ ಒಬ್ಬ ವೃದ್ಧ. ಆಗಂತುಕನ ಪಾತ್ರದಲ್ಲಿ ಅಕಿರಾ ತೆರಾವೊ. ಹನ್ನೆರಡು ವರ್ಷಗಳ ಬಳಿಕ ತಕಾವೊನಾಗಿ ಅದೇ ಪ್ರಾಂತದ ಗುಡ್ಡ ಹತ್ತುವವನೂ ಅವನೇ. ಕುರೊಸಾವಾನ ವೃದ್ಧ ಉಪದೇಶಿಸುತ್ತಾನೆ: ವಿದ್ಯುತ್ತು ಏಕೆ ಬೇಡ, ಟ್ರ್ಯಾಕ್ಟರ್ ಏಕೆ ಬೇಡ ಎಂದು ವಿವರಿಸುತ್ತಾನೆ, ಆಗಂತುಕ ಕೇಳುತ್ತಾನೆ, ಟೋಪಿ ತೆಗೆದು ವಂದಿಸಿ ಹೊರಟುಹೋಗುತ್ತಾನೆ. ದೃಶ್ಯ ಸುಂದರವಾಗಿದ್ದರೂ ಪ್ರವಚನದ ಭಾರ ತಪ್ಪಿಲ್ಲವೆಂದು ಹೇಳಲು ಕುರೊಸಾವಾನ ಮೇಲಿನ ಗೌರವ ಅಡ್ಡಬರಬೇಕಾಗಿಲ್ಲ. ಉಮೆ ಅಜ್ಜಿ ನಾಗರಿಕತೆಯ ವಿಮರ್ಶೆ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾಳೆ. ಆಗಂತುಕ ಹೊರಟುಹೋಗುವುದಿಲ್ಲ, ಉಳಿಯುತ್ತಾನೆ, ಸೌದೆ ಹೊರುತ್ತಾನೆ.

ಉಮೆ ಅಜ್ಜಿಯಾಗಿ ನಟಿಸಿದ ತಾನಿಯೆ ಕಿತಾಬಾಯಾಶಿ 1911ರಲ್ಲಿ ಹುಟ್ಟಿದವಳು. ಚಿತ್ರ ಬಂದಾಗ ತೊಂಬತ್ತು ದಾಟಿತ್ತು. ನಡುವಯಸ್ಸಿನಿಂದಲೇ ಮುದುಕಿಯರ ಪಾತ್ರಗಳಿಗೆ ಪ್ರಸಿದ್ಧಳಾಗಿದ್ದ ಈಕೆ 'ಬರ್ಮಾದ ವೀಣೆ'ಯ 1956ರ ಆವೃತ್ತಿಯಲ್ಲಿ ಸೈನಿಕರೊಡನೆ ವ್ಯಾಪಾರ ಮಾಡುವ ಮುದುಕಿಯಾಗಿದ್ದಳು. 1985ರ ಮರುಚಿತ್ರಣದಲ್ಲಿಯೂ ಅದೇ ಪಾತ್ರವನ್ನು ವಹಿಸಿದಳು. ನಮ್ಮಲ್ಲಿಯ ಮಕ್ಕಳೂ ನೋಡಿರುವ 'ನನ್ನ ನೆರೆಯ ತೊತೊರೊ' (1988) ಚಿತ್ರದ ಅಜ್ಜಿಯ ದನಿಯೂ ಇವಳದೇ. ನಟಿಸಿ ನಟಿಸಿ ಮುದುಕಿಯಾದವಳು ಕೊನೆಗೆ ಪಾತ್ರದ ವಯಸ್ಸಿಗೆ ತಾನೇ ಬಂದು ನಿಂತಿದ್ದಾಳೆ. ಅವಳು ಜೂಕಿಚಿ ಉನೊ ಮೊದಲಾದವರೊಡನೆ ಸೇರಿ 1950ರಲ್ಲಿ ಕಟ್ಟಿದ 'ಮಿಂಗೇ' ನಾಟಕ ತಂಡ ಜಪಾನಿನ ಆಧುನಿಕ ರಂಗಭೂಮಿಯ ಇತಿಹಾಸದಲ್ಲಿ ಪ್ರಮುಖವಾದದ್ದು. ಆ ಉನೊನ ಮಗನೇ ಅಕಿರಾ ತೆರಾವೊ. ಜಗಲಿಯಲ್ಲಿ ಎದುರುಬದುರು ಕುಳಿತ ಆ ಇಬ್ಬರ ನಡುವೆ ಕಾಣುವ ಸಲಿಗೆ ನಟನೆಯಿಂದಷ್ಟೇ ಬಂದದ್ದಿರಲಾರದು. ಈ ಪಾತ್ರಕ್ಕಾಗಿ ಜಪಾನ್ ಅಕಾಡೆಮಿಯ ಅತ್ಯುತ್ತಮ ಪೋಷಕನಟಿ ಪ್ರಶಸ್ತಿ ಅವಳಿಗೆ ಬಂತು. 2010ರಲ್ಲಿ ಅವಳು ತೀರಿಕೊಂಡಳು.

ತಕಾವೊನ ಹಳೆಯ ಗುರು ಕೋದಾ ಮೇಷ್ಟ್ರ ಉಪಕಥೆ ಇನ್ನೊಂದಿದೆ. ಕ್ಯಾನ್ಸರಿಗೆ ಚಿಕಿತ್ಸೆ ನಿರಾಕರಿಸಿ, ಕುಂಚಲಿಪಿಯ ಅಭ್ಯಾಸ ಮಾಡುತ್ತ, ಹೆಂಡತಿ ಯೊನೆಯ ಜೊತೆ ಶಾಂತವಾಗಿ ಸಾವನ್ನು ಎದುರುನೋಡುವ ಈ ಪಾತ್ರ ಗಂಭೀರವಾಗಿದೆ. ಯೊನೆಯಾಗಿ, 'ತೋಕಿಯೊ ಕಥೆ'ಯ (1953) ಕಿರಿಯ ಮಗಳಾಗಿದ್ದ ಕ್ಯೋಕೊ ಕಾಗಾವಾಳನ್ನು ನೋಡುವುದೇ ಒಂದು ಸುಖ. ಆದರೂ ಆ ಮನೆಯ ಅಚ್ಚುಕಟ್ಟು ನನಗೆ ಸ್ವಲ್ಪ ಅತಿಯೆನಿಸುತ್ತದೆ. ಅಲ್ಲಿಯ ಅಕ್ಷರ ಕಲೆಯೆಂದು ತನ್ನನ್ನು ತಾನೇ ಘೋಷಿಸಿಕೊಳ್ಳುತ್ತದೆ. ಸಯೂರಿಯ ಪುಸ್ತಕದ ಅಕ್ಷರಕ್ಕೆ ಆ ಹಂಗಿಲ್ಲ.

ಈ ಚಿತ್ರದ ಮೇಲೆ ಹೊರಿಸಬಹುದಾದ ದೊಡ್ಡ ಆರೋಪ ಗ್ರಾಮೀಣ ಬದುಕಿನ ಆದರ್ಶೀಕರಣದ್ದು. ನಗರದಲ್ಲಿ ರೋಗ, ಹಳ್ಳಿಯಲ್ಲಿ ಆರೋಗ್ಯ ಎಂಬ ಸಮೀಕರಣ ನವೋದಯ ಕಾಲದ ಕನ್ನಡ ಓದುಗನಿಗೂ ಅಪರಿಚಿತವಲ್ಲ. ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ಊರಿನಲ್ಲಿ ಜಮೀನಿನ ಜಗಳವಿಲ್ಲ, ಸೊಸೆಯರ ಕಣ್ಣೀರಿಲ್ಲ, ಎಲ್ಲರೂ ಒಳ್ಳೆಯವರು. ಸಯೂರಿಯ ವ್ಯಾಧಿ ಮರುಕಳಿಸಿದಾಗ ಮಿಚಿಕೊ ಅವಳ ಚಿಕಿತ್ಸೆಗೆ ನಿಂತು ಗೆಲ್ಲುವುದೂ ಅದರಿಂದಲೇ ತಾನೂ ಚೇತರಿಸಿಕೊಳ್ಳುವುದೂ ಕೊನೆಗೆ ಮತ್ತೆ ಗರ್ಭಿಣಿಯಾಗುವುದೂ ಲೆಕ್ಕ ಚುಕ್ತಾ ಮಾಡಿದಂತೆ ಕಾಣುತ್ತದೆ. ಅಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಈ ಚಿತ್ರ ತಯಾರಾದದ್ದು ಜಪಾನಿನ ಹಳ್ಳಿಗಳು ಆಡಳಿತಾತ್ಮಕವಾಗಿ ಅಳಿಸಿಹೋಗುತ್ತಿದ್ದ ಹೊತ್ತಿನಲ್ಲಿ. 1999ರಲ್ಲಿ 3,232 ಇದ್ದ ಸ್ಥಳೀಯಾಡಳಿತ ಘಟಕಗಳು ಸರ್ಕಾರದ ವಿಲೀನ ನೀತಿಯಿಂದಾಗಿ 2010ರ ಮಾರ್ಚ್ ವೇಳೆಗೆ 1,727ಕ್ಕೆ ಇಳಿದವು. ಹಳ್ಳಿ ಪಕ್ಕದ ಪಟ್ಟಣದಲ್ಲಿ ಕರಗಿದಾಗ ಗದ್ದೆ, ಗುಡ್ಡ, ಗುಡಿಗಳು ಅಲ್ಲೇ ಇರುತ್ತವೆ. ಇಲ್ಲವಾಗುವುದು ಗ್ರಾಮ ಕಚೇರಿ, ಮತ್ತು ಆ ಕಚೇರಿ ಹೊರಡಿಸುತ್ತಿದ್ದ ವಾರ್ತಾಪತ್ರಿಕೆ. ಅಂದರೆ ಸಯೂರಿಯ ಅಂಕಣ ಅಚ್ಚಾಗುತ್ತಿದ್ದ ಹಾಳೆಯೇ. ಚಿತ್ರ ಈ ರಾಜಕಾರಣದ ಬಗ್ಗೆ ತುಟಿ ಬಿಚ್ಚುವುದಿಲ್ಲ ನಿಜ. ಆದರೆ ಒಂದು ಊರಿಗೆ ತನ್ನದೇ ಆದ ಪತ್ರಿಕೆಯಿದ್ದರೆ ಏನು ಸಾಧ್ಯ ಎಂಬುದನ್ನು ಅದು ತೋರಿಸಿಟ್ಟಿದೆ. ಇಂದಿಗೂ ಜಪಾನಿನಲ್ಲಿ ಅತಿ ಹೆಚ್ಚು, ಅಂದರೆ 35, ಗ್ರಾಮಾಡಳಿತಗಳನ್ನು ಉಳಿಸಿಕೊಂಡಿರುವ ಪ್ರಾಂತ ನಾಗಾನೊ ಎಂಬುದು ಇಲ್ಲಿ ಗಮನಾರ್ಹ.

ಕನ್ನಡದ ಜಾನಪದ ಸಂಗ್ರಹದ ಆರಂಭದಲ್ಲಿಯೂ ಗೆಳೆತನವಿತ್ತು. ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು 1931ರಲ್ಲಿ ಪ್ರಕಟಿಸಿದಾಗ ಅವರು ಹೊರಗಿನಿಂದ ಬಂದವರಾಗಿರಲಿಲ್ಲ. ಕೇಳಿದ್ದು ತಮ್ಮದೇ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು. ಆದರೂ ಶೀರ್ಷಿಕೆಯಲ್ಲಿರುವ ಗರತಿ ಎಂಬುದು ಸಾಮಾನ್ಯನಾಮ, ಅಂಕಿತನಾಮವಲ್ಲ. ಅನಂತರ ಸಂಗ್ರಹ ಕಾರ್ಯ ವಿಶ್ವವಿದ್ಯಾಲಯಗಳ ಒಳಗೆ ಬಂತು, ವಿಧಾನಗಳು ಬಿಗಿಯಾದವು, ಹಾಡಿದವರ ಹೆಸರುಗಳೂ ದಾಖಲಾಗತೊಡಗಿದವು. ದಾಖಲಾಗುವುದು ಎಲ್ಲಿ? ಮಹಾಪ್ರಬಂಧದ ಅನುಬಂಧದಲ್ಲಿ, 'ವಕ್ತೃಗಳ ವಿವರ' ಎಂಬ ಕೋಷ್ಟಕದಲ್ಲಿ: ಹೆಸರು, ವಯಸ್ಸು, ಜಾತಿ, ಉದ್ಯೋಗ, ಊರು. ಮುಖಪುಟದಲ್ಲಿ ಸಂಪಾದಕನ ಹೆಸರು, ಹಿಂದಿನ ಪುಟದಲ್ಲಿ ಕೋಷ್ಟಕ. ವಿದ್ವತ್ತಿನ ಶಿಸ್ತಿಗೆ ಕೋಷ್ಟಕ ಬೇಕು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನನ್ನ ತಕರಾರಿರುವುದು ಬರಹದ ಚಲನೆಯ ದಿಕ್ಕಿನ ಬಗ್ಗೆ. ಮಾತು ಊರಿನಿಂದ ಹೊರಡುತ್ತದೆ, ವಿಭಾಗಕ್ಕೆ ಬರುತ್ತದೆ, ಪರೀಕ್ಷಕರ ಮೇಜಿಗೆ ಹೋಗುತ್ತದೆ, ಗ್ರಂಥಾಲಯದ ಕಪಾಟು ಸೇರುತ್ತದೆ. ಆ ಊರಿಗೆ ಒಂದು ಪ್ರತಿಯಾದರೂ ಮರಳಬೇಕೆಂದು ನಾನು ಬಲ್ಲ ಯಾವ ಪಿಎಚ್.ಡಿ. ನಿಯಮಾವಳಿಯೂ ವಿಧಿಸುವುದಿಲ್ಲ. ಸಂದರ್ಶನದ ದಿನ ಒಲೆಯ ಮೇಲೆ ಚಹಾ ಇಟ್ಟವಳಿಗೆ ತನ್ನ ಮಾತು ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ತಿಳಿಯುವ ದಾರಿಯೇ ಇಲ್ಲ. ತಪ್ಪಿದ್ದರೆ ತಪ್ಪೆನ್ನುವ ಅವಕಾಶವೂ ಇಲ್ಲ. ಓದಲು ಬಾರದವಳಿಗೆ ಓದಿ ಹೇಳಬಹುದಲ್ಲ ಎಂದು ನಮಗೆ ತೋರುವುದೇ ಇಲ್ಲ.

ಕೆಲಸ ದೊಡ್ಡದೇನಲ್ಲ. ಅನುಬಂಧದಲ್ಲಿ ಹೆಸರಿರುವ ಪ್ರತಿಯೊಬ್ಬರ ಪಠ್ಯವನ್ನಷ್ಟೇ ಬೇರ್ಪಡಿಸಿ ಹತ್ತಿಪ್ಪತ್ತು ಪುಟಗಳ ಕಿರುಹೊತ್ತಿಗೆ ಮಾಡಿ, ಮೌಖಿಕ ಪರೀಕ್ಷೆಗೆ ಮುಂಚೆಯೇ ಅವರ ಮನೆಗೆ ಒಯ್ದು, ಕುಳಿತು ಓದಿ, ಅವರು ತಿದ್ದಿಸಿದ್ದನ್ನು ಪ್ರಬಂಧದಲ್ಲಿ ಸೇರಿಸುವುದು. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಡುವುದು. ವಿಭಾಗಗಳು ಇದನ್ನು ಪ್ರಬಂಧ ಸಲ್ಲಿಕೆಯ ಷರತ್ತಾಗಿಸಬಹುದು. ಇದರಿಂದ ಸಂಶೋಧನೆ ಮೂರು ತಿಂಗಳು ತಡವಾದೀತೆಂಬ ಆಕ್ಷೇಪ ಬರುವುದು ಖಂಡಿತ, ತಡವಾಗಲಿ.

ಚಿತ್ರೀಕರಣ ನಡೆದದ್ದು ನಾಗಾನೊದ ಉತ್ತರ ತುದಿಯಲ್ಲಿರುವ, ಆಳೆತ್ತರದ ಹಿಮ ಬೀಳುವ ಈಯಾಮಾ ಸೀಮೆಯಲ್ಲಿ. ಅಮಿದಾ ಗುಡಿ ಅಲ್ಲಿ ಮೊದಲೇ ಇದ್ದದ್ದಲ್ಲ, ಚಿತ್ರಕ್ಕಾಗಿ ಕಟ್ಟಿದ್ದು. ಚಿತ್ರೀಕರಣ ಮುಗಿದ ಮೇಲೂ ಅದನ್ನು ಕೆಡವಲಿಲ್ಲ. ಮೆಟ್ಟಿಲುಗದ್ದೆಗಳ ನೆತ್ತಿಯ ಮೇಲೆ ಹಾಗೆಯೇ ಉಳಿಸಿಕೊಂಡರು. ಯಾವ ಊರಿನ ಸತ್ತವರನ್ನೂ ನೆನೆಯಲು ಕಟ್ಟದ ಆ ಗುಡಿಯನ್ನು ನೋಡಲು ಜನ ಈಗಲೂ ಗುಡ್ಡ ಹತ್ತಿ ಬರುತ್ತಾರೆ.